ಬೀಜ ಕೊಡದ ಅತಿಥಿ

ಹಿತ್ತಲಿನ ತರಕಾರಿಗೆ ಅಂಗಡಿಯಿಂದ ಬೀಜ ತರಬೇಕೆಂಬುದು ಹಿಂದಿನ ಗೃಹಿಣಿಯರಿಗೆ ಹೊಸ ಮಾತು. ಬಳ್ಳಿಯಲ್ಲಿ ಮೊದಲು ಬಲಿತ ಹೀರೆಕಾಯಿ ಅಡುಗೆಮನೆಯ ಮಾಡಿನಲ್ಲಿ ತೂಗುತ್ತಿತ್ತು. ಬದನೆಯ ಬೀಜ ಬೂದಿಯಲ್ಲಿ ಬೆರೆತು ಗೋಡೆಯ ಗೂಡಿನಲ್ಲಿ ಮಳೆಗಾಲಕ್ಕಾಗಿ ಕಾದಿರುತ್ತಿತ್ತು. ಮಗಳು ಗಂಡನ ಮನೆಗೆ ಹೊರಟರೆ ಅವಳ ಗಂಟಿನಲ್ಲಿ ತವರಿನ ಅವರೆಯ ನಾಲ್ಕು ಕಾಳೂ ಸೇರುವುದುಂಟು. ಎಲೆಕೋಸು ಮಾತ್ರ ಈ ಕಟ್ಟಳೆಗೆ ಎಂದೂ ಒಳಪಡಲಿಲ್ಲ.

ಯೂರೋಪಿನಿಂದ ಬಂದ ಈ ತರಕಾರಿ ಪಲ್ಯ, ಹುಳಿ, ಬೋಂಡಗಳಲ್ಲಿ ನಮ್ಮದಾಗಿ ಎಷ್ಟೋ ಕಾಲವಾಯಿತು. ಆದರೂ ಶ್ರಾದ್ಧದ ಎಲೆಯ ಮೇಲೆ ಅನೇಕ ಮನೆಗಳಲ್ಲಿ ಇಂದಿಗೂ ಅದಕ್ಕೆ ಪ್ರವೇಶವಿಲ್ಲ. ಮಡಿಯ ಅಡುಗೆಗೆ ಅದು ಪರದೇಶಿ. ನಮ್ಮ ಮಣ್ಣಿಗೂ ಅದು ಪರದೇಶಿಯೇ ಎಂಬುದು ಕೈತೋಟದ ಗೃಹಸ್ಥನಿಗೆ ಅರಿವಾಗುವುದು ಬೀಜದ ಆಸೆ ಹುಟ್ಟಿದಾಗ.

ಆತ ಪಾತಿಯಲ್ಲಿ ಎಲ್ಲಕ್ಕಿಂತ ಚೆಲುವಾದ ಗಡ್ಡೆಯೊಂದನ್ನು ಕೊಯ್ಯದೆ ಬೀಜಕ್ಕೆಂದು ಬಿಡುತ್ತಾನೆ. ದಿನವೂ ನೀರೆರೆದು, ಮಕ್ಕಳು ಮುಟ್ಟದಂತೆ ಕಾಯುತ್ತಾನೆ. ಕೆಲವೇ ವಾರಗಳಲ್ಲಿ ಗಡ್ಡೆ ಬಿರಿಯುತ್ತದೆ, ಕೊಳೆಯುತ್ತದೆ. ಹೂವಿನ ಸುಳಿವೇ ಇಲ್ಲ. ತಪ್ಪು ಆತನದಲ್ಲ, ಹವೆಯದು. ಎಲೆಕೋಸು ಎರಡು ವರ್ಷದ ಬಾಳಿನ ಗಿಡ. ಮೊದಲ ವರ್ಷ ಗಡ್ಡೆ ಕಟ್ಟಿ, ಚಳಿಗಾಲವನ್ನು ಸಹಿಸಿ, ಮರುವರ್ಷ ಹೂವಿಗೆ ತಿರುಗುವುದು ಅದರ ಧರ್ಮ. ಹತ್ತು ಡಿಗ್ರಿಗಿಂತ ಕೆಳಗಿನ ತಂಪು ವಾರಗಟ್ಟಲೆ ತಾಗದೆ ಅದರ ಹೂಮೊಗ್ಗು ಎಚ್ಚರಗೊಳ್ಳದು. ಬೆಂಗಳೂರಿನ ಪುಷ್ಯಮಾಸದ ಚಳಿ ಶಾಲು ಹೊದೆಯುವಷ್ಟರದೇ ಹೊರತು ಕೋಸನ್ನು ಹೂ ಬಿಡಿಸುವಷ್ಟರದಲ್ಲ.

ಆದಕಾರಣ ಹಳೆಯ ತಳಿಗಳ ಬೀಜವನ್ನು ಹಿಮಾಚಲದ ಕುಲು ಕಣಿವೆಯಂತಹ ಮಲೆಗಳಲ್ಲಿ ಬೆಳೆಸುತ್ತಾರೆ. ಬೇಸಗೆಯಲ್ಲಿ ಬಿತ್ತಿದ ಕೋಸು ಹಿಮಗಾಲಕ್ಕೆ ಮುನ್ನ ಗಡ್ಡೆ ಕಟ್ಟುತ್ತದೆ. ಚಳಿ ಕಳೆದ ಮೇಲೆ ಗಡ್ಡೆಯ ನೆತ್ತಿಯನ್ನು ಅಡ್ಡಕ್ಕೂ ಉದ್ದಕ್ಕೂ ಸೀಳಿ ಹೂದಂಟಿಗೆ ದಾರಿ ಮಾಡಿಕೊಡುತ್ತಾರೆ. ವಸಂತದಲ್ಲಿ ಹಳದಿ ಹೂ. ಮುಂಗಾರಿನ ವೇಳೆಗೆ ಸಾಸಿವೆಯಂತಹ ಬೀಜ. ಹೂಕೋಸು, ನವಿಲುಕೋಸುಗಳು ಇದರ ದಾಯಾದಿಗಳಾದುದರಿಂದ ಜೇನ್ನೊಣಗಳು ಪರಾಗವನ್ನು ಬೆರೆಸಿ ಕುಲ ಕೆಡಿಸಬಲ್ಲವು. ಅದಕ್ಕಾಗಿ ಪ್ರಮಾಣಿತ ಬೀಜದ ಹೊಲವು ಅವುಗಳಿಂದ 1000 ಮೀಟರು ದೂರವಿರಬೇಕೆಂಬ ನಿಯಮವುಂಟು. ಅಂಗಡಿಯ ಸಣ್ಣ ಪೊಟ್ಟಣದ ಹಿಂದೆ ಇಷ್ಟು ದೊಡ್ಡ ಸಂಸಾರವಿದೆ.

ಕೈತೋಟಕ್ಕೆ ಒಪ್ಪುವ ಹಳೆಯ ತಳಿಗಳಲ್ಲಿ ಗೋಲ್ಡನ್ ಏಕರ್ ಮುಖ್ಯವಾದುದು. ಕೋಪನ್‌ಹೇಗನ್ ಮಾರ್ಕೆಟ್ ಎಂಬ ತಳಿಯಿಂದ ಆಯ್ದು ಬೆಳೆಸಿದ್ದು ಇದು. ಗಿಡ ಪುಟ್ಟದು, ಗಡ್ಡೆ ದುಂಡು, ತೂಕ ಒಂದರಿಂದ ಒಂದೂವರೆ ಕಿಲೋ. ಒಂದು ಸಂಸಾರದ ಎರಡು ಹೊತ್ತಿನ ಅಡುಗೆಗೆ ಹೇಳಿಮಾಡಿಸಿದಂತಿದೆ. ದೂರದ ಪೇಟೆಗೆ ಲಾರಿಯಲ್ಲಿ ಸಾಗಿಸುವ ರೈತನಿಗೆ ಬಿಗಿಯಾದ, ಬಿರಿಯದ, ಒಂದೇ ಅಳತೆಯ ಸಂಕರ ತಳಿ ಬೇಕು, ಅದು ನ್ಯಾಯವೇ. ಆದರೆ ಸಂಕರದ ಬೀಜದಿಂದ ಹುಟ್ಟಿದ ಮುಂದಿನ ಪೀಳಿಗೆ ತಾಯಿಯನ್ನು ಹೋಲದು. ಗೋಲ್ಡನ್ ಏಕರ್ ತಲೆಮಾರಿನಿಂದ ತಲೆಮಾರಿಗೆ ತನ್ನಂತೆಯೇ ಹುಟ್ಟುತ್ತದೆ.

ಆಗಸ್ಟ್, ಸೆಪ್ಟೆಂಬರುಗಳಲ್ಲಿ ಒಟ್ಟಲು ಹಾಕಿ, ಸಸಿಗಳಿಗೆ ನಾಲ್ಕೈದು ವಾರವಾದಾಗ ಒಂದೂವರೆ ಅಡಿಗೊಂದರಂತೆ ನೆಡಬೇಕು. ಮಹಡಿಯ ಮೇಲಿನ ಅಗಲವಾದ ಕುಂಡವೂ ಆದೀತು. ನೆಟ್ಟ ಎರಡು ತಿಂಗಳಿಗೆ ಕೊಯ್ಲು. ಬಲಿತ ಗಡ್ಡೆ ಬೇಗನೆ ಬಿರಿಯುವುದೇ ಈ ತಳಿಯ ದೋಷ. ಆದುದರಿಂದ ಎಲ್ಲವನ್ನೂ ಒಮ್ಮೆಗೇ ಬಿತ್ತದೆ ಹದಿನೈದು ದಿನಗಳ ಅಂತರದಲ್ಲಿ ಬಿತ್ತುವುದು ಜಾಣತನ. ಬಿರಿಯುವ ಸೂಚನೆ ಕಂಡರೆ ಗಿಡವನ್ನು ಹಿಡಿದು ಅರ್ಧ ಸುತ್ತು ತಿರುಗಿಸಬೇಕು. ಕೆಲವು ಬೇರು ಹರಿದು, ನೀರು ಸೇದುವುದು ತಗ್ಗಿ, ಗಡ್ಡೆ ಇನ್ನೂ ಕೆಲವು ದಿನ ನಿಲ್ಲುತ್ತದೆ.

ಹುಳುವಿನ ಕಾಟಕ್ಕೆ ಮದ್ದು ನಮ್ಮಲ್ಲೇ ದೊರೆತಿದೆ. ಪತಂಗವು ಕೋಸಿಗಿಂತ ಸಾಸಿವೆಗೆ ಹೆಚ್ಚು ಮನಸೋಲುತ್ತದೆಂಬುದನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1991ರಲ್ಲಿ ಪ್ರಕಟಿಸಿದರು. ಕೋಸು ನೆಡುವ ಹದಿನೈದು ದಿನ ಮೊದಲೇ ಪಾತಿಯ ಅಂಚಿನಲ್ಲಿ ಸಾಸಿವೆ ಎರಚಿದ್ದರೆ ಪತಂಗ ಅಲ್ಲಿಯೇ ಮೊಟ್ಟೆಯಿಡುತ್ತದೆ. ಬೇವಿನಬೀಜದ ಕಷಾಯವನ್ನು ಆ ಸಾಸಿವೆಗೆ ಸಿಂಪಡಿಸಿದರೆ ಬಹುಪಾಲು ಕೆಲಸ ಮುಗಿಯಿತು.

ಎಳೆಯ ಕೋಸಿನ ಪಲ್ಯಕ್ಕೆ ಬಹಳ ಬೆಂಕಿ ಬೇಡ. ಹೊತ್ತು ಮೀರಿ ಬೆಂದಷ್ಟೂ ಅದರೊಳಗಿನ ಗಂಧಕದ ವಾಸನೆ ಮೇಲೇಳುತ್ತದೆ. ಕೋಸು ಒಲ್ಲೆನೆನ್ನುವ ಮಕ್ಕಳ ಮುನಿಸಿಗೆ ಅನೇಕ ವೇಳೆ ಇದೇ ಕಾರಣ. ಗಡ್ಡೆ ಕೊಯ್ದ ಮೇಲೆ ಮೋಟನ್ನು ಕೀಳಬಾರದು. ಅದರ ತಲೆಯ ಮೇಲೆ ಚಾಕುವಿನಿಂದ ಅಡ್ಡಗೀರು ಎಳೆದು ನೀರುಣಿಸಿದರೆ ಮುಷ್ಟಿಯಷ್ಟು ದಪ್ಪದ ಮೂರು ನಾಲ್ಕು ಮರಿಗಡ್ಡೆಗಳು ಬರುತ್ತವೆ.

ಬದನೆಯ ಕುಲವನ್ನು ಅಜ್ಜಿಯ ಬೂದಿಯ ಡಬ್ಬ ಕಾಪಾಡಿತು. ಕೋಸಿನ ಕುಲವನ್ನು ಬಯಲುಸೀಮೆಯ ಯಾವ ಮನೆಯೂ ಒಂಟಿಯಾಗಿ ಕಾಪಾಡಲಾರದು. ಕೇಳುವವರಿಲ್ಲದ ತಳಿಯನ್ನು ಮಲೆಯ ಬೆಳೆಗಾರ ಎಷ್ಟು ವರ್ಷ ಚಳಿಯಲ್ಲಿ ಕಾದಾನು? ಒಂದು ಗ್ರಾಂ ಬೀಜದಲ್ಲಿ ಇನ್ನೂರಕ್ಕೂ ಮಿಕ್ಕಿ ಕಾಳುಗಳಿರುತ್ತವೆ. ಒಂದು ಮನೆಗೆ ಬೇಕಾದುದು ಇಪ್ಪತ್ತು. ಪೊಟ್ಟಣವನ್ನು ಹೆಸರು ಹೇಳಿ ಕೇಳಿ ತಂದು, ಉಳಿದುದನ್ನು ನೆರೆಮನೆಗೆ ಹಂಚಿದರೆ, ಬೀಜ ಕೊಡದ ಅತಿಥಿಗೂ ಊರಿನಲ್ಲಿ ಒಂದು ನೆಂಟಸ್ತನ ಬೆಳೆದಂತಾಯಿತು.