ಹೆದರಿದವರ ಪಕ್ಕ ಕೂರೋಣ



ಗುಡ್ಡ ಕುಸಿದರೆ ಮಣ್ಣು ತೆಗೆಯೋಕೆ ಯಂತ್ರ ಬರ್ತವೆ. ಮನಸ್ಸಿನ ಮೇಲೆ ಬಿದ್ದ ಮಣ್ಣು ತೆಗೆಯೋರು ಯಾರು?

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಕುಸಿಯಿತು. ರಸ್ತೆಬದಿಯ ಚಾದಂಗಡಿ ನಾಶವಾಯಿತು, ಜನ ಸತ್ತರು. ಉಕ್ಕಿದ ಗಂಗಾವಳಿ ಆಚೆ ದಡದ ಉಳುವರೆಯ ಮನೆಗಳನ್ನೂ ಕೆಡವಿತು. ಅಮದಳ್ಳಿಯಲ್ಲಿ ಹಾಯುವುದೂ ಅದೇ ಹೆದ್ದಾರಿ. ಇಲ್ಲಿನ ಹಿರಿಯರಿಗೆ ಇನ್ನೊಂದು ಗಾಯವೂ ಗೊತ್ತು. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲೆಯ ಸಾವಿರಾರು ಕುಟುಂಬಗಳನ್ನು ಎಬ್ಬಿಸಿದರು. ಭೂಮಿಗೆ ದರ ಕಟ್ಟಿದರು. ಹೋದ ನಿದ್ದೆಗೆ ಕಟ್ಟಲಿಲ್ಲ.

ಇಂಥ ಏಟು ತಿಂದವರು ಹಾಸ್ಟೆಲ್ಲಿನಲ್ಲಿ ನಮ್ಮ ಪಕ್ಕದ ಚಾಪೆಯಲ್ಲೇ ಇರಬಹುದು. ಮನೆ ಕಳಕೊಂಡವರು, ಕೇರಿಗೆ ನುಗ್ಗಿ ಹೊಡೆದದ್ದನ್ನು ಕಂಡವರು. ನಡುರಾತ್ರಿ ಕಿರುಚಿ ಏಳ್ತಾರೆ. ಬಾಗಿಲು ಬಡಿದರೆ ಬೆಚ್ಚಿ ಬೀಳ್ತಾರೆ. ಆ ಜಾಗ, ಆ ಮಾತು ಬಂದರೆ ತಪ್ಪಿಸ್ಕೊಳ್ತಾರೆ. ಸುಮ್ಮಸುಮ್ಮನೆ ರೇಗ್ತಾರೆ. ಮೊದಲ ಕೆಲವು ವಾರ ಇದು ಯಾರಿಗಾದರೂ ಸಹಜ. ಬಹಳ ಜನ ತಾವಾಗೇ ಚೇತರಿಸ್ಕೊಳ್ತಾರೆ. ತಿಂಗಳು ಕಳೆದರೂ ಬಿಡದೆ ಓದು, ಊಟ, ನಿದ್ದೆ ಕೆಡಿಸಿದರೆ ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಗಾಳಿ ಸೋಕಿದ್ದಲ್ಲ. ಹೇಡಿತನವೂ ಅಲ್ಲ.

ಬಾಬಾಸಾಹೇಬರನ್ನು ನೆನೆಯಿರಿ. 1917ರಲ್ಲಿ ಬರೋಡಾದ ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡಿದವರು ಅವರನ್ನು ಹೊರಹಾಕಿದರು. 18 ವರ್ಷ ಕಳೆದ ಮೇಲೂ ಅದನ್ನು ನೆನೆದರೆ ಕಣ್ಣೀರು ಬರುತ್ತದೆ ಎಂದು ಅವರೇ ಬರೆದಿದ್ದಾರೆ. ಸಂವಿಧಾನ ಬರೆದ ಕೈ ಕಣ್ಣೀರನ್ನೂ ಬರೆಯಿತು. ಹಾಗಿರುವಾಗ ‘ಗಂಡಸಾಗಿ ಅಳ್ತೀಯಾ’ ಅಂತ ನಾವು ಯಾರಿಗೂ ಕೇಳಬಾರದು.

ನಾವು ಮಾಡಬೇಕಾದ್ದು ಇಷ್ಟು. ಪಕ್ಕ ಕೂರೋಣ. ‘ಏನಾಯ್ತು ಹೇಳು’ ಅಂತ ಕೆದಕೋದು ಬೇಡ, ಹೇಳಿದರೆ ಕೇಳೋಣ. ಎದೆ ಡವಗುಟ್ಟಿ ಉಸಿರು ಕಟ್ಟಿದಂತಾದರೆ ನಿಧಾನ ಉಸಿರು ಬಿಡಿಸೋಣ, ಪಾದ ನೆಲಕ್ಕೆ ಊರಿಸೋಣ, ‘ಇದು ಹಾಸ್ಟೆಲ್, ನಾನಿದ್ದೀನಿ’ ಅನ್ನೋಣ. ದಿಗಿಲಿನ ಅಲೆ ಕೆಲವು ನಿಮಿಷಕ್ಕೆ ಇಳೀತದೆ. ಎದೆನೋವು ಇದೇ ಮೊದಲಾದರೆ ಡಾಕ್ಟರಿಗೆ ತೋರಿಸಲೇಬೇಕು. ಕುಡಿತ, ಅಂಗಡಿಯಿಂದ ತಂದ ನಿದ್ದೆಗುಳಿಗೆ ಮದ್ದಲ್ಲ. ಸಾಯೋ ಮಾತಾಡಿದರೆ ಒಂಟಿ ಬಿಡಬೇಡಿ. ಸರ್ಕಾರಿ ಆಸ್ಪತ್ರೆಗೆ ಜೊತೆಗೆ ಹೋಗಿ. ಮಾತಿನ ಚಿಕಿತ್ಸೆಯೂ ಇದೆ, ಮಾತ್ರೆಯೂ ಇದೆ. ಮಾತ್ರೆಯ ಗುಣ ಕಾಣೋಕೆ ಕೆಲವು ವಾರ ಬೇಕು; ನಡುವೆ ಬಿಡಿಸಬೇಡಿ.

ಆಸ್ಪತ್ರೆ ಸಾಕು, ಹೋರಾಟ ಯಾಕೆ ಅನ್ನೋರಿದ್ದಾರೆ. ಹೊಡೆದವನು ಅದೇ ಬೀದೀಲಿ ಮೀಸೆ ತಿರುವಿ ಓಡಾಡ್ತಿದ್ದರೆ ಯಾವ ಮಾತ್ರೆ ನಿದ್ದೆ ತರಿಸೀತು? ದೌರ್ಜನ್ಯ ತಡೆ ಕಾಯ್ದೆಯ 15ಎ ಕಲಂ ನೊಂದವರಿಗೂ ಸಾಕ್ಷಿಗಳಿಗೂ ರಕ್ಷಣೆ ಕೊಡಬೇಕು ಅಂತದೆ. ಅದನ್ನು ಕೇಳಿ ಪಡೆಯೋದೂ ಆರೈಕೆಯೇ. ಹಾಗೇ, ಹೋರಾಟ ಗೆಲ್ಲೋ ತನಕ ಗೆಳೆಯ ನಿದ್ದೆಗೆಟ್ಟು ನರಳಲಿ ಅನ್ನೋದೂ ಕ್ರೌರ್ಯ. ಎರಡೂ ಬೇಕು.

ಹಗಲು ರಾತ್ರಿ ಕನ್ನಡದಲ್ಲೇ ಮಾತಾಡೋಕೆ ಸರ್ಕಾರದ ಟೆಲಿ ಮಾನಸ್ ಇದೆ, ದುಡ್ಡಿಲ್ಲ. ನಂಬರು 14416. ಹಾಸ್ಟೆಲ್ ಗೋಡೆ ಮೇಲೆ ಇದ್ದಿಲಲ್ಲಾದರೂ ಬರೆಯಿರಿ.