ರುಬ್ಬಿ, ಆದರೆ ಹೆಸರು ಹೇಳಿ

ಗಾಂಧಿ ಬಜಾರಿನಲ್ಲಿ ಸಂಜೆ ತರಕಾರಿ ಕೊಳ್ಳುವ ತಾಯಂದಿರ ಮಾತಿನಲ್ಲಿ ಈಗ ಒಂದು ಸಣ್ಣ ಕಳ್ಳತನ ಸೇರಿಕೊಂಡಿದೆ. ಬೀಟ್‌ರೂಟು ದೋಸೆ ಹಿಟ್ಟಿಗಂತೆ, ಪಾಲಕ್ಕು ಚಪಾತಿಗಂತೆ, ಸೋರೆಕಾಯಿ ತುರಿದು ಕಟ್ಲೆಟ್ಟಿಗಂತೆ. 'ಗೊತ್ತಾದ್ರೆ ಮುಟ್ಟಲ್ಲ ಕಣ್ರೀ, ಗೊತ್ತಾಗ್ದಂಗೆ ಸೇರಿಸ್ಬೇಕು.'

ತಾಯಂದಿರನ್ನು ದೂರುವಂತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ನೂರಕ್ಕೆ 65 ಮಂದಿಗೆ ರಕ್ತಹೀನತೆ. ಕಬ್ಬಿಣ ಕರಗಿಸಿಯೇ ಹೆಸರು ಮಾಡಿದ ಭದ್ರಾವತಿ ಇರುವ ರಾಜ್ಯದಲ್ಲಿ ಮಕ್ಕಳ ರಕ್ತಕ್ಕೆ ಕಬ್ಬಿಣ ಸಾಲದು! ಬಚ್ಚಿಟ್ಟು ತಿನ್ನಿಸುವ ಉಪಾಯ ಫಲಿಸುವುದೂ ನಿಜ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದವರು ಮೂರರಿಂದ ಐದು ವರ್ಷದ ಮಕ್ಕಳ ಊಟಕ್ಕೆ ತರಕಾರಿ ರುಬ್ಬಿ ಬೆರೆಸಿದಾಗ, ಅವರು ತಿಂದ ತರಕಾರಿ ಹೆಚ್ಚುಕಡಿಮೆ ದುಪ್ಪಟ್ಟಾಗಿತ್ತು. 2011ರಲ್ಲಿ ಪ್ರಕಟವಾದ ಅಧ್ಯಯನ ಅದು. ಆದರೆ ಅವರು ತಟ್ಟೆಯ ಪಕ್ಕದಲ್ಲಿ ಕಣ್ಣಿಗೆ ಕಾಣುವ ತರಕಾರಿಯನ್ನೂ ಇಟ್ಟಿದ್ದರು. ರೀಲ್ಸ್ ಮಾಡುವವರು ಈ ಅರ್ಧವನ್ನು ನುಂಗಿಬಿಡುತ್ತಾರೆ.

ಗುಟ್ಟು ಎಲ್ಲಿ ಕೈಕೊಡುತ್ತದೆ ಎಂದು ತಿಳಿಯಬೇಕಾದರೆ ಬಿಸಿಯೂಟದ ಅಕ್ಕಿಯನ್ನು ನೋಡಿ. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ, ಯಂತ್ರದಲ್ಲಿ ಮತ್ತೆ ಅಕ್ಕಿಯ ಆಕಾರಕ್ಕೇ ಒತ್ತಿ, ನೂರು ಕಿಲೋಗೆ ಒಂದು ಕಿಲೋದಂತೆ ಬೆರೆಸಿದರೆ ಸಾರವರ್ಧಿತ ಅಕ್ಕಿ. 2021ರ ಸ್ವಾತಂತ್ರ್ಯ ದಿನದಂದು ಪ್ರಧಾನಿ ಘೋಷಿಸಿದ ಮೇಲೆ ಪಡಿತರಕ್ಕೂ ಶಾಲೆಗೂ ಬಂತು. ತೊಳೆಯುವಾಗ ಕೆಲವು ಕಾಳು ತೇಲಿದವು, ಬಣ್ಣವೂ ತುಸು ಬೇರೆ. ಪ್ಲಾಸ್ಟಿಕ್ ಅಕ್ಕಿ ಎಂದು ಊರೂರಲ್ಲಿ ಗುಲ್ಲೆದ್ದಿತು. ಕಲ್ಲು, ಹುಳು ಆರಿಸಿ ಪಳಗಿದ ಕೈಗಳು ಆ ಪೌಷ್ಟಿಕ ಕಾಳುಗಳನ್ನೇ ಹುಡುಕಿ ಹುಡುಕಿ ಎಸೆದವು. ಮಗುವಿನ ಲೆಕ್ಕವೂ ಇದೇ. ಇಡ್ಲಿಯಲ್ಲಿ ಒಂದು ಸಲ ಕ್ಯಾರೆಟ್ಟಿನ ಎಳೆ ಸಿಕ್ಕಿಬಿದ್ದರೆ, ಮುಂದೆ ಬರುವ ಇಡ್ಲಿಗಳಿಗೆಲ್ಲ ತಪಾಸಣೆ ತಪ್ಪಿದ್ದಲ್ಲ. ಶಾಲೆಯಲ್ಲಿ ಹಾಲಿಗೆ ರಾಗಿ ಮಾಲ್ಟ್ ಬೆರೆಸಲು 2024ರಲ್ಲಿ ಶುರುಮಾಡಿದಾಗ ಇಂಥ ರಗಳೆ ಇರಲಿಲ್ಲ. ಲೋಟದಲ್ಲಿರುವುದು ರಾಗಿ ಎಂದು ಬಣ್ಣವೇ ಹೇಳುತ್ತದಲ್ಲ.

ಮಲೆನಾಡಿಗೆ ರುಬ್ಬುವುದನ್ನು ಯಾರೂ ಕಲಿಸಬೇಕಿಲ್ಲ. ಒಂದೆಲಗವನ್ನು ಬೇರು ಸಮೇತ ಕಿತ್ತು, ಮಣ್ಣು ಹೋಗುವಂತೆ ಮೂರ್ನಾಲ್ಕು ನೀರಿನಲ್ಲಿ ತೊಳೆದು, ಕಾಯಿತುರಿ, ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ಹಸಿಯಾಗಿಯೇ ನುಣ್ಣಗೆ ರುಬ್ಬಿ ಮಜ್ಜಿಗೆಗೆ ಕದಡಿದರೆ ತಂಬುಳಿ. ದೊಡ್ಡಪತ್ರೆಯಾದರೆ ಅದರ ಘಾಟು ಇಳಿಯಲು ಮೊದಲು ತುಪ್ಪದಲ್ಲಿ ಬಾಡಿಸಬೇಕು. ಎಲೆಯ ಗುರುತೂ ಸಿಗದಷ್ಟು ನುಣುಪು, ಬಾಯಿಗೆ ನಾರು ಸಿಗುವುದಿಲ್ಲ. ಮಗು ಅನ್ನಕ್ಕೆ ಕಲಸಿಕೊಂಡು ಸುರ್ರೆಂದು ತಿನ್ನುತ್ತದೆ. ಆದರೂ ಅಜ್ಜಿ ಬಡಿಸುವಾಗಲೇ 'ಇವತ್ತು ಒಂದೆಲಗದ್ದು' ಎಂದು ಸಾರಿಬಿಡುತ್ತಾಳೆ. ಬುದ್ಧಿ ಚುರುಕಾಗುತ್ತದೆ ಎಂದು ಬಾಲವನ್ನೂ ಅಂಟಿಸುತ್ತಾಳೆ. ಹಾಗಲಕಾಯಿ ಗೊಜ್ಜಿನ ಕಥೆಯೂ ಅದೇ. ಹುಣಸೆಹುಳಿ, ಬೆಲ್ಲ ಸುರಿದು ಕಹಿಯ ಜೊತೆ ರಾಜಿ ಮಾಡಿಕೊಂಡಿರುತ್ತಾರೆ, ಹೆಸರು ಮಾತ್ರ ಹಾಗಲಕಾಯಿಯದೇ.

ಹಾಗಾಗಿ ನನ್ನ ತಕರಾರು ಮಿಕ್ಸಿಯ ಮೇಲಲ್ಲ, ಸುಳ್ಳಿನ ಮೇಲೆ. ದೋಸೆ ಕೆಂಪಗಿದ್ದರೆ ಬೀಟ್‌ರೂಟ್ ದೋಸೆ ಎನ್ನಿ, ಪಕ್ಕದಲ್ಲಿ ಎರಡು ಹೋಳು ಪಲ್ಯವೂ ಇರಲಿ. ಹೊಸ ರುಚಿ ಮಕ್ಕಳ ನಾಲಿಗೆಗೆ ಹತ್ತಲು ಎಂಟು-ಹತ್ತು ಸಲವಾದರೂ ಬೇಕೆನ್ನುತ್ತಾರೆ ತಿಳಿದವರು. ಬೇಡ ಎಂದರೂ ಒಂದು ಚಮಚ ಬಡಿಸುತ್ತಿರಬೇಕು. ಬಿಟ್ಟರೆ ಬಿಡಲಿ, ಗದರುವುದು ಬೇಡ. ಇನ್ನು ಎದುರಿಗೆ ಕುಳಿತ ಅಪ್ಪ ಸಾರಿನ ಸೊಪ್ಪನ್ನೆಲ್ಲ ತಟ್ಟೆಯ ಅಂಚಿಗೆ ಸರಿಸುವವನಾದರೆ, ಮೊದಲು ಅವನಿಗೆ ಬಡಿಸಿ.