ಸಾವಿನ ಮನೆಯಲ್ಲಿ ‘ದೇವರ ಚಿತ್ತ’

ಕ್ರೈಸ್ತರ ಸಾವಿನ ಮನೆಯಲ್ಲಿ ಬಹುಬೇಗ ಕೇಳಿಬರುವ ಮಾತು ‘ದೇವರ ಚಿತ್ತ’. ಹರೆಯದ ಮಗ ಅಪಘಾತದಲ್ಲಿ ಹೋದಾಗಲೂ ಶವಪೆಟ್ಟಿಗೆ ಮುಚ್ಚುವ ಮೊದಲೇ ಯಾರಾದರೊಬ್ಬರು ಅದನ್ನು ಹೇಳಿರುತ್ತಾರೆ. ಆ ಮಾತು ನಂಬಿಕೆಗೆ ಊರುಗೋಲೋ ಹೊರೆಯೋ ಎಂಬ ವಿಷಯದಲ್ಲಿ ಪ್ರಾಮಾಣಿಕ ವಿಶ್ವಾಸಿಗಳಲ್ಲೇ ಒಮ್ಮತವಿಲ್ಲ.

ಊರುಗೋಲು ಎನ್ನುವವರ ವಾದ ಹಗುರವಾದದ್ದಲ್ಲ. ದೇವರ ಕೈಮೀರಿ ಏನೂ ನಡೆಯದು ಎಂದಾದರೆ, ಕಾರಣ ತಿಳಿಯದಿದ್ದರೂ ಸಾವು ಬರಿಯ ಆಕಸ್ಮಿಕವಾಗಿ ಉಳಿಯುವುದಿಲ್ಲ. ಪುನರುತ್ಥಾನದ ನಿರೀಕ್ಷೆಗೆ ನಿಲ್ಲಲು ನೆಲ ಸಿಗುತ್ತದೆ. 1873ರ ನವೆಂಬರಿನಲ್ಲಿ ಅಟ್ಲಾಂಟಿಕ್ ಸಾಗರದಲ್ಲಿ ಹಡಗು ಮುಳುಗಿ, ಷಿಕಾಗೊದ ವಕೀಲ ಹೊರೇಷಿಯೊ ಸ್ಪ್ಯಾಫರ್ಡ್ ತನ್ನ ನಾಲ್ವರು ಹೆಣ್ಣುಮಕ್ಕಳನ್ನೂ ಕಳೆದುಕೊಂಡ. ಹಡಗಿನಲ್ಲಿದ್ದ ಅವನ ಕುಟುಂಬದಲ್ಲಿ ಬದುಕುಳಿದದ್ದು ಹೆಂಡತಿ ಮಾತ್ರ. ಆ ದುಃಖದಿಂದ ಹುಟ್ಟಿದ ಅವನ ಶಾಂತಿಯ ಗೀತೆಯನ್ನು ಲೋಕದ ನಾನಾ ಸಭೆಗಳು ಇಂದಿಗೂ ಹಾಡುತ್ತವೆ.

ಆದರೆ ಒಬ್ಬನ ಎದೆಯಿಂದ ಬಂದ ಹಾಡು ಇನ್ನೊಬ್ಬನ ಬಾಯಿಗೆ ಬೀಗವಾಗಬಹುದು. ಕ್ರೈಸ್ತ ಲೇಖಕ ಸಿ. ಎಸ್. ಲೂಯಿಸ್ 1940ರಲ್ಲಿ ನೋವಿನ ಸಮಸ್ಯೆಯನ್ನು ಕುರಿತು ತರ್ಕಬದ್ಧ ಪುಸ್ತಕ ಬರೆದಿದ್ದರು. 1960ರಲ್ಲಿ ಪತ್ನಿ ಜಾಯ್ ಕ್ಯಾನ್ಸರಿನಿಂದ ತೀರಿಕೊಂಡಾಗ ಅದೇ ಲೇಖನಿ ದೇವರ ಮೇಲೆ ಕೋಪವನ್ನು, ಸಂಶಯವನ್ನು ಬರೆಯಿತು; ಮರುವರ್ಷ ಆ ಟಿಪ್ಪಣಿಗಳು ಬೇರೊಂದು ಹೆಸರಿನಲ್ಲಿ ಪ್ರಕಟವಾದವು. ಇಂಥ ದೂರಿಗೆ ಬೈಬಲಿನ ಆಸರೆಯೂ ಉಂಟು. ಕೀರ್ತನೆಗಳಲ್ಲಿ ಪ್ರಲಾಪಗಳಿಗೆ ಕೊರತೆಯಿಲ್ಲ. 88ನೆಯದಂತೂ ಕತ್ತಲಲ್ಲೇ ಮುಗಿಯುತ್ತದೆ. ಶಿಲುಬೆಯ ಮೇಲೆ ಯೇಸು ಕೂಗಿದ್ದೂ 22ನೆಯ ಕೀರ್ತನೆಯ ಮೊದಲ ಪ್ರಶ್ನೆಯನ್ನೇ. ದೂರುವವನು ನಂಬಿಕೆ ಬಿಟ್ಟವನಲ್ಲ, ದೂರು ಕೇಳುವವನೊಬ್ಬ ಇದ್ದಾನೆಂದು ನಂಬಿದವನು.

ಇಲ್ಲಿಯೂ ಒಂದು ಎಚ್ಚರ ಬೇಕು. ಪ್ರಲಾಪದ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ಭರವಸೆಯತ್ತ ತಿರುಗುತ್ತವೆ; ತಿರುವೇ ಕಾಣದ ಪ್ರಶ್ನೆ ಕೆಲವರನ್ನು ಒಂಟಿಯಾಗಿಸಿಬಿಡುತ್ತದೆ. ಬೇಗ ಶರಣಾದವರನ್ನು ಅಳು ನುಂಗಿದವರೆಂದು ಶಂಕಿಸುವುದೂ ಅನ್ಯಾಯ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಮಿಷನರಿ ಗ್ಲ್ಯಾಡಿಸ್ ಸ್ಟೇನ್ಸ್ ಅವರ ಪತಿಯನ್ನೂ ಇಬ್ಬರು ಎಳೆಯ ಗಂಡುಮಕ್ಕಳನ್ನೂ ಜೀವಂತ ಸುಡಲಾಯಿತು. ಕೊಂದವರನ್ನು ಕ್ಷಮಿಸಿದ್ದೇನೆಂದು ಆಕೆ ಹೇಳಿದರು. ತಾವು ನೆಲೆಸಿದ್ದ ಬಾರಿಪದದಲ್ಲೇ ಉಳಿದು ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. ಆ ಶಾಂತಿಯನ್ನು ಹೊರಗೆ ನಿಂತು ಅಳೆಯಲು ನಾವು ಯಾರು?

ಎರಡೂ ಕಡೆಯವರು ಮೊರೆಹೋಗುವುದು ಬೈಬಲಿನ ಯೋಬನನ್ನೇ, ಮತ್ತು ಅವನು ಇಬ್ಬರಿಗೂ ಸಿಗುತ್ತಾನೆ. ಹತ್ತು ಮಕ್ಕಳನ್ನು ಕಳೆದುಕೊಂಡ ಅವನು ತನ್ನ ಹೆಸರಿನ ಗ್ರಂಥದ ಮೊದಲ ಅಧ್ಯಾಯದಲ್ಲಿ ತಲೆಬಾಗಿದ. ಮೂರನೆಯದರಲ್ಲಿ ತಾನು ಹುಟ್ಟಿದ ದಿನವನ್ನೇ ಶಪಿಸಿದ. ಅವನ ಗೆಳೆಯರು ಏಳು ದಿನ ಮಾತಿಲ್ಲದೆ ಅವನೊಡನೆ ನೆಲದ ಮೇಲೆ ಕುಳಿತಿದ್ದರು. ನನ್ನ ಮಟ್ಟಿಗೆ ಇಡೀ ಗ್ರಂಥದಲ್ಲಿ ಅವರು ಮಾಡಿದ ಅತ್ಯುತ್ತಮ ಕೆಲಸ ಅದು. ಬಾಯಿ ತೆರೆದು ಕಾರಣ ವಿವರಿಸತೊಡಗಿದಾಗ ತಪ್ಪಿದರು. ಕೊನೆಗೆ ದೇವರ ಕೋಪ ತಿರುಗಿದ್ದೂ ಅವರ ಮೇಲೆಯೇ.

ಹಾಗಾಗಿ ‘ದೇವರ ಚಿತ್ತ’ ಎಂಬ ಮಾತು ಸುಳ್ಳೆನ್ನಲು ನಾನು ಒಪ್ಪಲಾರೆ. ಆದರೆ ಅದನ್ನು ಆಡುವ ಹಕ್ಕು ಬಹುಶಃ ಕಳೆದುಕೊಂಡವರದು, ನೋಡಲು ಬಂದವರದಲ್ಲ. ಬಂದವರು ಊಟ ತರಬಹುದು, ಕೈ ಹಿಡಿದು ಪ್ರಾರ್ಥಿಸಬಹುದು. ಮನೆಯವರೇ ಒಂದು ದಿನ ಆ ಮಾತನ್ನಾಡಿದರೆ ಜೊತೆಗೆ ‘ಆಮೆನ್’ ಎನ್ನಬಹುದು; ಆಡದಿದ್ದರೆ ಮುಂದಿನ ವಾರವೂ ಬಂದು ಪಕ್ಕದಲ್ಲಿ ಕೂರಬಹುದು.